ಮಿಸ್ತ್ರಿಯ ಕನ್ನಡ, ಯೆಜ್ಡಿಯ ಸದ್ದು

೧೯೭೩ನೆಯ ಇಸವಿಯಲ್ಲಿ ಮೈಸೂರಿಗೆ ಸಂಬಂಧಿಸಿದ ಎರಡು ಹೆಸರುಗಳು ಬದಲಾದವು. ನವೆಂಬರ್ ೧ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ಇದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಅದೇ ವರ್ಷ ಮೈಸೂರು ನಗರದ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲು ತನ್ನ ಪರದೇಶದ ಹೆಸರನ್ನು ಕಳಚಿ ಯೆಜ್ಡಿ ಎಂಬ ಹೊಸ ಹೆಸರನ್ನು ತೊಟ್ಟುಕೊಂಡಿತು. ಇದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಮೊದಲನೆಯ ಹೆಸರು ಕಲಬುರಗಿಯವರನ್ನೂ ಮೈಸೂರಿನವರನ್ನೂ ಒಂದೇ ಮನೆಯವರೆಂದು ಕರೆಯಿತು. ಎರಡನೆಯದು, ಯಾವ ಘೋಷಣೆಯೂ ಇಲ್ಲದೆ, ಮೈಸೂರಿನವರ ಕೈಗೆಲಸವನ್ನು ಸುಮಾರು ಏಳುನೂರು ಕಿಲೋಮೀಟರ್ ದೂರದ ನಮ್ಮ ಭಂಕೂರದ ಓಣಿಗೆ ತಂದು ನಿಲ್ಲಿಸಿತು. ಏಕೀಕರಣವನ್ನು ಕುರಿತು ಬರೆಯುವ ವಿದ್ವಾಂಸರು ಈ ಎರಡನೆಯ ಬಗೆಯ ಏಕೀಕರಣವನ್ನೂ ಒಂದಿಷ್ಟು ಗಮನಿಸಬೇಕೆಂದು ನನ್ನ ಬಿನ್ನಹ.

ಎಪ್ಪತ್ತರ ದಶಕದ ಹೆಸರಾಂತ ಮೋಟಾರ್ ಸೈಕಲ್ಲುಗಳು ಯಾವುವೆಂದು ಕೇಳಿದರೆ ಲೋಕವೆಲ್ಲ ಒಪ್ಪಿದ ಪಟ್ಟಿಯೊಂದು ಸಿದ್ಧವಾಗಿದೆ. ೧೯೬೯ರಲ್ಲಿ ಮಾರಾಟಕ್ಕೆ ಬಂದು ಮುಂದಿನ ಹತ್ತು ವರ್ಷವನ್ನು ಆಳಿದ ಜಪಾನಿನ ಹೋಂಡಾ ಸಿ.ಬಿ. ೭೫೦, ನಾಲ್ಕು ಸಿಲಿಂಡರು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಗುಂಡಿ ಒತ್ತಿದೊಡನೆ ಎಚ್ಚರಗೊಳ್ಳುವ ಎಂಜಿನು. ಅದನ್ನು ಮೀರಿಸಲೆಂದೇ ೧೯೭೨ರಲ್ಲಿ ಹುಟ್ಟಿದ ೯೦೩ ಸಿ.ಸಿ.ಯ ಕವಾಸಾಕಿ ಜಡ್-೧. ಮರುವರ್ಷ ಜರ್ಮನಿಯ ಬಿ.ಎಂ.ಡಬ್ಲ್ಯು. ಆರ್ ೯೦ ಎಸ್. ಇಂಗ್ಲೆಂಡಿನ ಟ್ರಯಂಫ್, ನಾರ್ಟನ್, ಇಟಲಿಯ ಡುಕಾಟಿ. ಇವೆಲ್ಲ ದೊಡ್ಡ ಯಂತ್ರಗಳೇ, ಸಂದೇಹವಿಲ್ಲ. ಆದರೆ ನಮ್ಮ ಜನ ಇವನ್ನು ಕಂಡದ್ದು ಚಿತ್ರಗಳಲ್ಲಿ. ಆ ಪಟ್ಟಿಯ ಅಳತೆಗೋಲು ವೇಗ ಮತ್ತು ಅಶ್ವಶಕ್ತಿ. ಅದೇ ಕೋಲನ್ನು ಹಿಡಿದು ನಮ್ಮ ಯೆಜ್ಡಿಯನ್ನೂ ಬುಲೆಟ್ಟನ್ನೂ ಅಳೆಯಹೊರಟರೆ ಅವು ಬಡ ನೆಂಟರಂತೆ ಪಂಕ್ತಿಯ ಕೊನೆಯಲ್ಲಿ ಕೂಡಬೇಕಾಗುತ್ತದೆ. ಯಂತ್ರವೊಂದನ್ನು ಅಳೆಯಲು ಬೇರೊಂದು ಕೋಲೂ ಉಂಟು: ತನ್ನ ಸುತ್ತಲಿನ ಜನಕ್ಕೆ ಅದು ಏನನ್ನು ಕಲಿಸಿತು ಎಂಬುದು. ಈ ಕೋಲಿನಿಂದ ಅಳೆದರೆ ಪಟ್ಟಿ ತಲೆಕೆಳಗಾದೀತೆಂದು ನಾನು ನಂಬಿದ್ದೇನೆ.

ಜಾವಾ ಎಂಬ ಹೆಸರಿಗೂ ಆಗ್ನೇಯ ಏಷ್ಯದ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ೧೯೨೯ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸವೊಂದನ್ನು ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದಾಗ ಜಾವಾ ಆಯಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಆ ದೇಶವನ್ನು ತುಳಿದು ನಿಂತಿದ್ದಾಗ ಅಲ್ಲಿಯ ಎಂಜಿನಿಯರುಗಳು ಕದ್ದುಮುಚ್ಚಿ ೨೫೦ ಸಿ.ಸಿ.ಯ ಹೊಸ ವಾಹನವೊಂದನ್ನು ರೂಪಿಸಿಟ್ಟುಕೊಂಡು, ಯುದ್ಧ ಮುಗಿದ ಮೇಲೆ ೧೯೪೬ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ತಂದರು. ನಮ್ಮ ಜಾವಾ ಆ ವಂಶದ್ದು. ಅದನ್ನು ಈ ದೇಶಕ್ಕೆ ಆಮದು ಮಾಡುತ್ತಿದ್ದ ಮುಂಬಯಿಯ ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. ೧೯೬೧ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಸಂಗೀತಕ್ಕೂ ತತ್ತ್ವಶಾಸ್ತ್ರಕ್ಕೂ ಮನಸ್ಸು ಕೊಟ್ಟಿದ್ದ ಆ ಅರಸರ ಕೈಯಿಂದ ಈ ಫಟಫಟಿಗೆ ಪ್ರಥಮ ಮಂಗಳವಾದುದು ನನಗೇನೋ ಔಚಿತ್ಯವಾಗಿಯೇ ಕಾಣುತ್ತದೆ. ಅದರ ಲಯ ಬಲ್ಲವರು ಒಪ್ಪಿಯಾರು.

ಯೆಜ್ಡಿ ಎಂಬ ಹೆಸರು ಇರಾನ್ ದೇಶದ ಯಜ್ದ್ ಪಟ್ಟಣದ ಸ್ಮರಣೆಯೆಂದು ಕೆಲವರು ಹೇಳುತ್ತಾರೆ. ಚೆಕ್ ಭಾಷೆಯಲ್ಲಿ ‘ಸವಾರಿ ಮಾಡುತ್ತಾನೆ’ ಎಂಬರ್ಥದ ಕ್ರಿಯಾಪದವೂ ಹೆಚ್ಚು ಕಡಮೆ ಹೀಗೆಯೇ ಕೇಳುತ್ತದೆ. ಎರಡರಲ್ಲಿ ಯಾವುದು ಸರಿಯಾದರೂ ನಷ್ಟವಿಲ್ಲ. ಕಲಬುರಗಿ ಸೀಮೆಯಲ್ಲಿ ಅದಕ್ಕೆ ಗಾಡಿ ಎಂದೇ ಹೆಸರು.

ಈ ಸೀಮೆಯ ಪರಿಚಯವಿಲ್ಲದ ವಾಚಕರಿಗೆ ಒಂದು ಮಾತು. ಭಂಕೂರ ಶಹಾಬಾದದ ಮಗ್ಗುಲಿನ ಊರು. ನೆಲದಡಿಯೆಲ್ಲ ಸುಣ್ಣದ ಕಲ್ಲು. ನಾಡಿನ ಎಷ್ಟೋ ಹಳೆಯ ಮನೆಗಳಲ್ಲಿ ಬರಿಗಾಲಿಗೆ ತಂಪು ಕೊಡುವ ಶಹಾಬಾದ ಫರ್ಸಿ ಇಲ್ಲಿಯದು. ಕಲ್ಲಿದ್ದಲ್ಲಿಗೆ ಸಿಮೆಂಟು ಬಂತು. ಶಹಾಬಾದದ ಹಳೆಯ ಸಿಮೆಂಟ್ ಕಾರ್ಖಾನೆ, ೧೯೬೮ರಲ್ಲಿ ಆರಂಭವಾದ ವಾಡಿಯ ಎ.ಸಿ.ಸಿ. ಕಾರ್ಖಾನೆ, ಬಾಯ್ಲರುಗಳನ್ನೂ ಸಿಮೆಂಟಿನ ಯಂತ್ರಗಳನ್ನೂ ಮಾಡುತ್ತಿದ್ದ ಶಹಾಬಾದದ ಎ.ಬಿ.ಎಲ್. ಇವುಗಳ ಸೈರನ್ನಿಗೆ ಸುತ್ತಲಿನ ಹಳ್ಳಿಗಳು ಎದ್ದವು, ಮಲಗಿದವು. ಮೂರು ಪಾಳಿಯ ಕೆಲಸ. ನಡುರಾತ್ರಿಯಲ್ಲಿ ಪಾಳಿ ಮುಗಿಸಿದವನಿಗೆ ಬಸ್ಸಿಲ್ಲ. ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಸೈಕಲ್ ತುಳಿಯಬೇಕು, ಇಲ್ಲವೆ ನಡೆಯಬೇಕು. ಸಂಬಳ ಕೈಗೆ ಬಂದ ಫಿಟ್ಟರನೂ ವೆಲ್ಡರನೂ ಶಾಲಾ ಮಾಸ್ತರನೂ ತಾಲ್ಲೂಕಿನ ನೌಕರನೂ ಮೋಟಾರ್ ಸೈಕಲ್ಲಿನ ಕನಸು ಕಂಡದ್ದು ಶೋಕಿಗಾಗಿ ಅಲ್ಲ. ಶಹಾಬಾದದಿಂದ ಚಿತ್ತಾಪುರ, ಅಲ್ಲಿಂದ ಮಳಖೇಡ, ಸೇಡಂ, ಮುಂದೆ ಚಿಂಚೋಳಿಯ ಗುಡ್ಡಗಾಡು ಎಂದು ಹರಡಿಕೊಂಡ ಈ ಬಯಲಿನಲ್ಲಿ ದೂರವೇ ಬಡತನದ ಒಂದು ಭಾಗ. ಗಾಡಿಯಿದ್ದವನು ಕಲಬುರಗಿಯ ಆಸ್ಪತ್ರೆಗೆ ಹೆಂಡತಿಯನ್ನು ಹೊತ್ತಿಗೆ ಸರಿಯಾಗಿ ಕರೆದೊಯ್ಯಬಲ್ಲವನಾದನು.

ಆ ದಿನಗಳಲ್ಲಿ ಕೊಳ್ಳಲು ಹೆಚ್ಚು ಆಯ್ಕೆಯೂ ಇರಲಿಲ್ಲ. ಸ್ಕೂಟರಿಗೆ ಹೆಸರು ಬರೆಸಿದವನು ವರ್ಷಗಟ್ಟಲೆ ಕಾಯಬೇಕಾಗಿತ್ತು. ಮೋಟಾರ್ ಸೈಕಲ್ಲೆಂದರೆ ಮುಖ್ಯವಾಗಿ ಮೂರು. ಮದರಾಸಿನ ಬುಲೆಟ್ ಪೊಲೀಸರಿಗೂ ಜಮೀನುದಾರರಿಗೂ ಒಪ್ಪಿದ್ದು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ನಿಧಾನವಾದ ಗಂಭೀರ ಗುಡುಗು. ಇಂಗ್ಲೆಂಡಿನ ತಾಯಿಮನೆ ಮುಚ್ಚಿಹೋದ ಮೇಲೂ ಮಗಳ ಸಂಸಾರ ನಡೆಯಿತು. ೧೯೭೭ರ ಹೊತ್ತಿಗೆ ಮದರಾಸಿನಿಂದ ಇಂಗ್ಲೆಂಡಿಗೇ ಬುಲೆಟ್ಟುಗಳು ರಫ್ತಾದವು. ಪೋಲೆಂಡಿನ ವಿನ್ಯಾಸದಿಂದ ಬಂದ ೧೭೫ ಸಿ.ಸಿ.ಯ ರಾಜದೂತ್ ಹಾಲಿನ ಕ್ಯಾನುಗಳನ್ನು ಹೊರುವುದಕ್ಕೆಂದೇ ಹುಟ್ಟಿದಂತಿತ್ತು. ೧೯೭೩ರ ‘ಬಾಬ್ಬಿ’ ಚಿತ್ರದಲ್ಲಿ ಅದರ ತಂಗಿಯೊಂದು ತೆರೆಯೇರಿ ತರುಣರ ನಿದ್ದೆ ಕೆಡಿಸಿತೆಂಬುದು ಬೇರೆ ಮಾತು. ಮೂರನೆಯದೇ ಮೈಸೂರಿನದು. ೧೯೭೮ರಲ್ಲಿ ಬಂದ ಅದರ ರೋಡ್‌ಕಿಂಗ್ ಎಂಬ ಮಾದರಿಯನ್ನು ಕಂಡವರು ಇಂದಿಗೂ ಕಣ್ಣರಳಿಸುತ್ತಾರೆ.

ಈ ಗಾಡಿಯ ಒಳಗನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ, ನನ್ನ ವಾದವೆಲ್ಲ ಅಲ್ಲಿಯೇ ಇರುವುದರಿಂದ. ಯೆಜ್ಡಿಯದು ಒಂದೇ ಸಿಲಿಂಡರಿನ ಎರಡು ಹೊಡೆತದ ಎಂಜಿನು. ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಅದರ ಕೆಲಸದ ಸುತ್ತು ಪೂರ್ತಿಯಾಗುತ್ತದೆ. ಕವಾಟಗಳಿಲ್ಲ, ಅವನ್ನು ಎತ್ತಿ ಇಳಿಸುವ ಸರಳುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ಅವನ್ನು ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಚಲಿಸುವ ಅಂಗಗಳು ಮುಖ್ಯವಾಗಿ ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಏಳನೆಯ ಇಯತ್ತೆಯ ಹುಡುಗನ ಮುಂದೆ ಬಿಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ಅವನಿಗೆ ತಿಳಿದುಬಿಡುತ್ತದೆ. ಒಂದೇ ಸಿಲಿಂಡರಾದರೂ ಹೊಗೆ ಹೋಗಲು ಎರಡು ಕೊಳವೆ, ಎರಡು ಪಕ್ಕಕ್ಕೆ ಎರಡು ಸೈಲೆನ್ಸರು. ಆ ಸದ್ದಿನ ಸೊಗಸಿಗೆ ಅದೇ ಕಾರಣ. ಎಡಗಾಲಿನ ಬಳಿಯ ಸನ್ನೆಯೊಂದನ್ನು ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್. ಎಂಜಿನು ಹೊತ್ತಿಕೊಂಡ ಮೇಲೆ ಮುಂದಕ್ಕೆ ಮಡಚಿದರೆ ಅದೇ ಗೇರು. ಒಂದು ಅಂಗದಿಂದ ಎರಡು ಕೆಲಸ ಮಾಡಿಸಿಕೊಳ್ಳುವ ಈ ಮಿತವ್ಯಯದ ಬುದ್ಧಿಯನ್ನು ನಮ್ಮ ಹೆಂಗಸರು ಒಲೆಯ ಮುಂದೆ ದಿನವೂ ತೋರಿಸುತ್ತಾರೆ. ಹಳೆಯ ಜಾವಾದ ಬೀಗದ ಕೈಯಂತೂ ಮೊಳೆಯ ಹಾಗೆ. ಕಳೆದುಹೋದರೆ ಮೊಳೆಯೇ ಸಾಕು ಎಂದು ಜನ ನಗುತ್ತಿದ್ದರು.

ಎರಡು ಹೊಡೆತದ ಎಂಜಿನಿಗೆ ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಬೆರೆಸಬೇಕು, ಲೀಟರಿಗೆ ನಲವತ್ತೋ ಐವತ್ತೋ ಮಿಲಿಲೀಟರು. ಕಡಮೆಯಾದರೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿದು ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಉರಿದ ಎಣ್ಣೆಯ ಕರಿ ಸೈಲೆನ್ಸರಿನೊಳಗೆ ಕಟ್ಟಿಕೊಳ್ಳುವುದರಿಂದ ಆಗಾಗ ಅದನ್ನು ಕಳಚಿ, ಸುಟ್ಟು, ಕೆರೆದು ತೆಗೆಯಬೇಕು. ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು ೪೨ ಡಿಗ್ರಿಯನ್ನು ದಾಟುತ್ತದೆ. ಬಲ್ಲ ಸವಾರನು ಬೇವಿನ ಮರವೊಂದನ್ನು ಕಂಡು ಗಾಡಿಗೆ ಹತ್ತು ನಿಮಿಷ ವಿಶ್ರಾಂತಿ ಕೊಡುತ್ತಾನೆ. ಕಲ್ಲುಗಣಿಯ ಬಿಳಿ ಧೂಳು ಗಾಳಿಯ ಜಾಲರಿಯಲ್ಲಿ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಅಂಟಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ, ಕಡ್ಡಿಯಿಂದ ಕೆರೆಯಬೇಕು. ಇನ್ನೊಂದು ವಿನೋದವುಂಟು. ಪಾಯಿಂಟಿನ ಹೊಂದಿಕೆ ತಪ್ಪಿದಾಗ ಈ ಎಂಜಿನು ತಿರುಗುಮುರುಗಾಗಿ ಸುತ್ತುವುದುಂಟು. ಸವಾರನು ಅದನ್ನರಿಯದೆ ಒಂದನೆಯ ಗೇರು ಹಾಕಿದರೆ ಗಾಡಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ನೆಗೆಯುತ್ತದೆ! ಸಾಮಾಜಿಕ ಪ್ರಗತಿಯನ್ನು ಕುರಿತ ಭಾಷಣಗಳನ್ನು ಕೇಳುವಾಗ ನನಗೆ ಅನೇಕ ಸಲ ಈ ದೃಶ್ಯದ ನೆನಪಾಗಿದೆ.

ಹೀಗಾಗಿ ಯೆಜ್ಡಿಯನ್ನು ಕೊಂಡವನು ಬರಿಯ ಒಡೆಯನಾಗಿ ಉಳಿಯುವಂತಿರಲಿಲ್ಲ. ಒಲ್ಲೆನೆಂದರೂ ಅದರ ಶಿಷ್ಯನಾಗಬೇಕಾಗಿತ್ತು. ಸದ್ದನ್ನು ಕೇಳಿ ರೋಗವನ್ನು ಊಹಿಸುವುದು, ಪ್ಲಗ್ಗಿನ ಬಣ್ಣವನ್ನು ನೋಡಿ ಎಣ್ಣೆಯ ಪ್ರಮಾಣವನ್ನು ತಿಳಿಯುವುದು, ಸೀಟಿನಡಿಯ ಎರಡು ಪಾನಾಗಳಿಂದ ದಾರಿಯಲ್ಲಿಯೇ ಚಿಕಿತ್ಸೆ ಮಾಡುವುದು ಇವೆಲ್ಲ ಅವನಿಗೆ ಬಂದವು. ಅಮೆರಿಕದ ರಾಬರ್ಟ್ ಪಿರ್ಸಿಗ್ ತನ್ನ ಹೋಂಡಾದ ಮೇಲೆ ಮಗನನ್ನು ಕೂಡಿಸಿಕೊಂಡು ಮಾಡಿದ ಪ್ರವಾಸವನ್ನು ಆಧಾರವಾಗಿಟ್ಟು ೧೯೭೪ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪುಸ್ತಕದ ವಿಚಾರವೂ ಇದೇ ಆಗಿದೆ: ಯಂತ್ರವನ್ನು ಅಕ್ಕರೆಯಿಂದ ದುರಸ್ತಿ ಮಾಡುವುದು ಮನಸ್ಸಿನ ಶಿಕ್ಷಣವೂ ಹೌದು. ಆತ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ತತ್ತ್ವಶಾಸ್ತ್ರ ಓದಿದವನು. ನಮ್ಮ ಶಹಾಬಾದದ ಮಿಸ್ತ್ರಿಗಳು ಕಾಶಿಗೆ ಹೋಗದೆ ಅದನ್ನು ಅರಿತುಕೊಂಡರು.

ಈ ಮಿಸ್ತ್ರಿಗಳ ವಿಚಾರವೇ ನನ್ನ ಮುಖ್ಯ ವಿಚಾರ. ಶಾಲೆಯನ್ನು ನಾಲ್ಕನೆಯ ಇಯತ್ತೆಗೆ ಬಿಟ್ಟವರು, ಉರ್ದುವನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವವರು, ಹತ್ತು ವರ್ಷ ಉಸ್ತಾದನ ಕೈಕೆಳಗೆ ಪಾನಾ ಎತ್ತಿಕೊಟ್ಟು ಕಲಿತವರು. ಕವಿರಾಜಮಾರ್ಗ ಹುಟ್ಟಿದ ಮಾನ್ಯಖೇಟ, ಇಂದಿನ ಮಳಖೇಡ, ಇಲ್ಲಿಂದ ಬಹಳ ದೂರವಿಲ್ಲ. ಶಾಸ್ತ್ರವನ್ನು ಓದದೆಯೇ ಕಾವ್ಯದ ನಡೆಯನ್ನು ಬಲ್ಲ ಜನವೆಂದು ಆ ಗ್ರಂಥ ಕನ್ನಡಿಗರನ್ನು ಹೊಗಳಿದೆಯೆಂದು ನಾವು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಜನ ಶಾಸ್ತ್ರವನ್ನು ಓದದೆ ಯಂತ್ರದ ನಡೆಯನ್ನು ಬಲ್ಲವರಾದಾಗ ಮಾತ್ರ ನಮಗೆ ಅದು ಪಾಂಡಿತ್ಯವೆಂದು ತೋರುವುದಿಲ್ಲ.

ಅವರ ಭಾಷೆಯನ್ನು ಕೇಳಬೇಕು. ಎಂಜಿನು ಸವೆದು ಪೂರ್ತಿ ಬಿಚ್ಚಬೇಕಾದಾಗ ಅವರು ಎಂಜಿನು ‘ಕೆಲಸಕ್ಕೆ ಬಂದಿದೆ’ ಎನ್ನುತ್ತಾರೆ. ಲೋಕದಲ್ಲಿ ಕೆಟ್ಟ ವಸ್ತು ಕೆಲಸಕ್ಕೆ ಬಾರದ್ದು. ಮಿಸ್ತ್ರಿಯ ಲೋಕದಲ್ಲಿ ಕೆಟ್ಟ ವಸ್ತುವೇ ಕೆಲಸಕ್ಕೆ ಬಂದದ್ದು. ಒಂದು ಪದಪುಂಜದ ಈ ತಿರುವಿನಲ್ಲಿ ಒಂದು ಜೀವನದೃಷ್ಟಿಯೇ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಗಾಡಿ ಎಣ್ಣೆ ‘ಕುಡಿಯುತ್ತದೆ’, ಕಾರ್ಬೊರೇಟರಿಗೆ ‘ಕಚರಾ’ ಬರುತ್ತದೆ, ಪಿಕಪ್ ‘ಹೋಗುತ್ತದೆ’, ಸಿಲಿಂಡರಿಗೆ ಬೋರ್ ‘ಮಾಡಿಸುತ್ತಾರೆ’. ಇಂಗ್ಲಿಷಿನ ನಾಮಪದಗಳು ಕನ್ನಡದ ಕ್ರಿಯಾಪದಗಳ ಕೈಹಿಡಿದು ಎಷ್ಟು ನಿಸ್ಸಂಕೋಚವಾಗಿ ಸಂಸಾರ ಹೂಡಿವೆ! ಪಾರಿಭಾಷಿಕ ಪದಗಳಿಗಾಗಿ ನಮ್ಮ ಸಮಿತಿಗಳು ಸಂಸ್ಕೃತದ ಧಾತುಗಳನ್ನು ಅರೆಯುತ್ತಿದ್ದಾಗ, ಕಾರ್ಖಾನೆಯ ಗೇಟಿನೆದುರಿನ ತಗಡಿನ ಚಪ್ಪರದಡಿಯಲ್ಲಿ ಯಂತ್ರಶಾಸ್ತ್ರದ ಕನ್ನಡ ತಾನಾಗಿ ಬೆಳೆಯುತ್ತಿತ್ತು. ಅದನ್ನು ಬರೆದಿಟ್ಟುಕೊಂಡವರು ಎಷ್ಟು ಮಂದಿ? ಬೇಸಾಯದ ಪದಗಳನ್ನೂ ಕುಂಬಾರ ಕಮ್ಮಾರರ ಪದಗಳನ್ನೂ ಸಂಗ್ರಹಿಸಿದ ವಿದ್ವಾಂಸರಿಗೆ ನಾವೆಲ್ಲ ಋಣಿಗಳು. ಮಿಸ್ತ್ರಿಯೂ ಕಮ್ಮಾರನ ದಾಯಾದಿಯೇ ಅಲ್ಲವೆ?

ನಾನು ಬಲ್ಲ ವೃದ್ಧ ಮಿಸ್ತ್ರಿಯೊಬ್ಬರು ಒಮ್ಮೆ ಹೇಳಿದರು: “ಹೊಸಾ ಗಾಡಿ ಕೆಟ್ಟರ ಸಾಮಾನು ಬದಲಿ ಮಾಡ್ತೀವ್ರಿ ಸರ. ಇದು ಕೆಟ್ಟರ ರಿಪೇರಿ ಮಾಡ್ತೀವಿ.” ಬದಲಿಗೂ ರಿಪೇರಿಗೂ ಇರುವ ಅಂತರವನ್ನು ಇದಕ್ಕಿಂತ ಚೊಕ್ಕಟವಾಗಿ ಹೇಳಿದುದನ್ನು ನಾನು ಯಾವ ಗ್ರಂಥದಲ್ಲಿಯೂ ಕಂಡಿಲ್ಲ.

ಇಷ್ಟನ್ನು ಓದಿದ ತರುಣ ವಾಚಕರು, ಇದು ಮುದುಕರ ಹಳಹಳಿಕೆಯೆಂದು ನಕ್ಕಾರು. ಅವರ ಪಕ್ಷದಲ್ಲಿಯೂ ನ್ಯಾಯವಿದೆ. ೧೯೮೪ರಿಂದ ೮೬ರೊಳಗೆ ಜಪಾನೀ ಕಂಪನಿಗಳ ಸಹಯೋಗದಿಂದ ೧೦೦ ಸಿ.ಸಿ.ಯ ಹೊಸ ಗಾಡಿಗಳು ಸಾಲಾಗಿ ಬಂದವು: ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾ ಆರ್.ಎಕ್ಸ್., ಕವಾಸಾಕಿ ಬಜಾಜ್. ಹಗುರ, ಚುರುಕು, ಪೆಟ್ರೋಲಿನ ಖರ್ಚು ಅಲ್ಪ. ಹೀರೋ ಹೋಂಡಾದ ಜಾಹೀರಾತು ಜನಜನಿತವಾಯಿತು: ಟ್ಯಾಂಕನ್ನು ತುಂಬಿಸಿ, ಮುಚ್ಚಿ, ಮರೆತುಬಿಡಿ. ಯೆಜ್ಡಿಯ ಜಾಹೀರಾತು ‘ಎಂದೆಂದಿಗೂ’ ಎಂದು ಸಾರುತ್ತಿತ್ತು. ಹೊಸದು ‘ಮರೆತುಬಿಡಿ’ ಎಂದಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ತಿಂಗಳ ಕೊನೆಯಲ್ಲಿ ಲೆಕ್ಕ ಹಾಕುವ ಮಾಸ್ತರನು ಎರಡನೆಯ ಮಾತನ್ನು ಆರಿಸಿಕೊಂಡರೆ ಅವನನ್ನು ದೂರಲಾದೀತೆ? ಎರಡು ಹೊಡೆತದ ಎಂಜಿನು ತಾನು ಕುಡಿದ ಪೆಟ್ರೋಲಿನಲ್ಲಿ ಒಂದು ಪಾಲನ್ನು ಉರಿಸದೆಯೇ ಹೊರಕ್ಕೆ ಉಗುಳುತ್ತದೆ. ಅದರ ನೀಲಿ ಹೊಗೆ ಸುಂದರವೆಂದು ವರ್ಣಿಸುವವರು ಅದರ ಹಿಂದೆ ಸೈಕಲ್ ತುಳಿದವರಲ್ಲ. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. ಬಿಗಿಯಾದದ್ದು ಸರಿಯೇ. ಎಲ್ಲರೂ ಪುನಃ ಯೆಜ್ಡಿಯನ್ನು ಏರಬೇಕೆಂದು ನಾನು ವಾದಿಸುತ್ತಿಲ್ಲ.

೧೯೯೬ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಆ ಮುಚ್ಚುವಿಕೆಯ ಕಾರಣಗಳನ್ನು ಹಂಚುವುದು ಈ ಲೇಖನದ ಕೆಲಸವಲ್ಲ. ಆದರೆ ಮೂವತ್ತೈದು ವರ್ಷಗಳಲ್ಲಿ ಅಲ್ಲಿ ಕೂಡಿಬಂದ ಕೌಶಲ, ಮಿಲಿಮೀಟರಿನ ನೂರನೆಯ ಭಾಗವನ್ನು ಬೆರಳಿನಿಂದ ಅರಿಯುತ್ತಿದ್ದ ಕೈಗಳು, ಎಲ್ಲಿಗೆ ಹೋದವು? ಹೋಲಿಕೆಗೆ ಇಂಗ್ಲೆಂಡಿನ ಒಂದು ಸಂಗತಿಯನ್ನು ಹೇಳಬಹುದು. ೧೯೭೩ರಲ್ಲಿ ಮೆರಿಡನ್ ಎಂಬಲ್ಲಿಯ ಟ್ರಯಂಫ್ ಕಾರ್ಖಾನೆಯನ್ನು ಮುಚ್ಚುವೆವೆಂದು ಮಾಲೀಕರು ಸಾರಿದಾಗ ಕಾರ್ಮಿಕರು ಒಳಗೆ ಕುಳಿತು ಬಾಗಿಲನ್ನು ಹಿಡಿದರು. ಮುಂದೆ ತಾವೇ ಸಹಕಾರ ಸಂಘ ಕಟ್ಟಿ ೧೯೮೩ರವರೆಗೆ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿದರು. ಕೊನೆಗೆ ಸೋತರು, ನಿಜ. ಆದರೆ ಆ ದಶಕದ ಟ್ರಯಂಫ್ ಗಾಡಿಯನ್ನು ಕುರಿತು ಯಾರೇ ಬರೆದರೂ ಆ ಕಾರ್ಮಿಕರನ್ನು ಬಿಟ್ಟು ಬರೆಯಲಾರರು. ನಮ್ಮಲ್ಲಿ ಯೆಜ್ಡಿಯನ್ನು ಕುರಿತ ಹೊಗಳಿಕೆಯಲ್ಲಿ ಮಾಲೀಕರಿದ್ದಾರೆ, ಮಹಾರಾಜರಿದ್ದಾರೆ, ಸಿನೆಮಾ ನಟರಿದ್ದಾರೆ. ಅದನ್ನು ಎರಕ ಹೊಯ್ದವರೂ ಬಣ್ಣ ಬಳಿದವರೂ ಅಪರೂಪ.

ಈಚೆಗೆ ಹಳೆಯ ಹೆಸರುಗಳಿಗೆ ಮರುಜೀವ ಬಂದಿದೆ. ೨೦೧೮ರಲ್ಲಿ ಜಾವಾ, ೨೦೨೨ರ ಜನವರಿಯಲ್ಲಿ ಯೆಜ್ಡಿ ಎಂ‌ಬ ಹೆಸರಿನಿಂದ ಬೇರೊಂದು ಕಂಪನಿಯ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ನಾಲ್ಕು ಹೊಡೆತದ ಎಂಜಿನು. ರೂಪ ಮಾತ್ರ ಹಳೆಯದರ ಛಾಯೆ. ಯೆಜ್ಡಿ ಎಂಬ ಹೆಸರು ಯಾರ ಆಸ್ತಿಯೆಂಬ ವ್ಯಾಜ್ಯ ಕರ್ನಾಟಕ ಉಚ್ಚ ನ್ಯಾಯಾಲಯವನ್ನು ಮುಟ್ಟಿತು; ೨೦೨೨ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠವು ಅದು ಮುಚ್ಚಿಹೋದ ಹಳೆಯ ಕಂಪನಿಯದೆಂದು ತೀರ್ಪಿತ್ತಿತು, ಅದರ ಮೇಲೆ ಮೇಲ್ಮನವಿಯೂ ಆಯಿತು. ಐದಾರು ಅಕ್ಷರಗಳ ಹೆಸರಿಗೆ ವಾರಸುದಾರರು ಇಷ್ಟೊಂದು ಮಂದಿ! ಹೆಸರಿನ ಹಿಂದಿನ ಕೆಲಸಗಾರಿಕೆಗೆ ವಾರಸುದಾರರಾಗಿ ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಯಾರೂ ಹತ್ತಿದಂತಿಲ್ಲ.

ಇನ್ನು ಹಳೆಯ ಗಾಡಿಗಳ ಪಾಡು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ಪ್ರೇಮಿಗಳು ತಮ್ಮ ವಾಹನಗಳನ್ನು ಒರೆಸಿ ಮಿನುಗಿಸಿ ನಗರಗಳಲ್ಲಿ ಮೆರವಣಿಗೆ ತೆಗೆಯುತ್ತಾರೆ. ಅವರ ಅಕ್ಕರೆಗೆ ನನ್ನ ನಮಸ್ಕಾರ. ಅವರಿಲ್ಲದಿದ್ದರೆ ಬಿಡಿ ಸಾಮಾನುಗಳನ್ನು ಯಾರೂ ಹುಡುಕುತ್ತಿರಲಿಲ್ಲ. ಸರ್ಕಾರವೂ ೨೦೨೧ರ ಜುಲೈಯಲ್ಲಿ ಪುರಾತನ ವಾಹನಗಳಿಗಾಗಿ ನಿಯಮಗಳನ್ನು ಮಾಡಿತು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ‘ವಿ.ಎ.’ ಅಕ್ಷರಗಳುಳ್ಳ ಪ್ರತ್ಯೇಕ ಫಲಕ. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಅದನ್ನು ಪ್ರದರ್ಶನಕ್ಕೋ ಸಂಶೋಧನೆಗೋ ರ‍್ಯಾಲಿಗೋ ದುರಸ್ತಿಗೋ ರಸ್ತೆಗೆ ತರಬಹುದು, ದಿನನಿತ್ಯ ಓಡಿಸುವಂತಿಲ್ಲ. ೧೯೭೩ರ ಮೊದಲ ಯೆಜ್ಡಿಗಳು ಈಗ ಆ ವಯಸ್ಸನ್ನು ಮುಟ್ಟಿವೆ. ಎಂ.ವೈ. ಅಕ್ಷರಗಳಿಂದ ಮೊದಲಾಗುವ ಹಳೆಯ ಮೈಸೂರು ರಾಜ್ಯದ ಫಲಕವನ್ನು ಹೊತ್ತ ಜಾವಾಗಳು ಆಗಲೇ ದಾಟಿವೆ.

ಬೇಕಾದವರಿಗಾಗಿ ಮಾಡಿದ ಏರ್ಪಾಡು ಇದು, ಬಲವಂತವಿಲ್ಲ. ಆದರೂ ಇದರ ಹಿಂದಿನ ಭಾವನೆಯನ್ನು ಗಮನಿಸಬೇಕು. ಹಳೆಯ ವಸ್ತುವಿಗೆ ಗೌರವ ದೊರೆಯಬೇಕಾದರೆ ಅದು ಕೆಲಸವನ್ನು ಬಿಡಬೇಕು. ದುಡಿಯುವ ಹಳೆಯ ಗಾಡಿ ಬರಿಯ ಹಳೆಯ ಗಾಡಿ. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು, ಹಸಿರು ತೆರಿಗೆ ತೆತ್ತು, ಕಚೇರಿಯ ಕಾಗದಗಳಿಗೆ ಅಲೆದು ಉಸಿರುಳಿಸಿಕೊಳ್ಳಬೇಕು. ಬೆಂಗಳೂರಿನ ಸಂಗ್ರಾಹಕನಿಗೆ ಇಪ್ಪತ್ತು ಸಾವಿರ ದೊಡ್ಡ ಮೊತ್ತವಲ್ಲ. ನಿವೃತ್ತ ಫಿಟ್ಟರನೊಬ್ಬನು ಹೊಲಕ್ಕೆ ಹೋಗಿಬರಲು ಇಟ್ಟುಕೊಂಡ ಗಾಡಿಗೆ ಅದು ಗಾಡಿಯ ಬೆಲೆಗೇ ಸಮನಾದೀತು. ಪರಿಣಾಮವೇನೆಂದರೆ, ಹಳ್ಳಿಯ ಗಾಡಿಗಳನ್ನು ದಲ್ಲಾಳಿಗಳು ಅಗ್ಗಕ್ಕೆ ಕೊಂಡು ನಗರಕ್ಕೆ ಸಾಗಿಸುತ್ತಾರೆ. ಅಲ್ಲಿ ಅವು ಕ್ರೋಮಿಯಂ ಲೇಪ ಹೊದ್ದು ಗಾಜಿನ ಕೋಣೆಯಲ್ಲಿ ನಿಲ್ಲುತ್ತವೆ. ಅವುಗಳೊಂದಿಗೆ ಮಿಸ್ತ್ರಿಗೆ ಇದ್ದ ಕೆಲಸವೂ ಹೋಗುತ್ತದೆ. ಸಾಮಾನನ್ನು ಬದಲಿಸುವ ಅಂಗಡಿಯಲ್ಲಿ ಅವನ ಕಿವಿಗೆ ಬೆಲೆಯಿಲ್ಲ. ಓಡದ ಎಂಜಿನಿನಿಂದ ಯಾವ ಹುಡುಗನೂ ಏನನ್ನೂ ಕಲಿಯಲಾರನು.

ತೇಜಸ್ವಿಯವರ ಸ್ಕೂಟರನ್ನು ಕನ್ನಡದ ಓದುಗರೆಲ್ಲ ಬಲ್ಲರು. ಗದ್ಯದೊಳಗೆ ಯಂತ್ರವನ್ನು ಮನೆಯ ಆಳಿನಂತೆ ತಂದು ನಿಲ್ಲಿಸಲು ಸಾಧ್ಯವೆಂದು ಅವರು ತೋರಿಸಿದರು. ಆದರೂ ನಮ್ಮ ಕಥೆಕಾದಂಬರಿಗಳಲ್ಲಿ ಎತ್ತಿನ ಬಂಡಿಗೆ ದೊರೆತ ಜಾಗದ ಹತ್ತರಲ್ಲೊಂದು ಪಾಲೂ ಮೋಟಾರ್ ಸೈಕಲ್ಲಿಗೆ ದೊರೆತಿಲ್ಲವೆಂದು ನನ್ನ ಅನಿಸಿಕೆ. ಎಪ್ಪತ್ತರ ದಶಕದಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ರಾತ್ರಿ ಹನ್ನೆರಡಕ್ಕೆ ಮಸುಕು ದೀಪದ ಬೆಳಕಿನಲ್ಲಿ ಭಂಕೂರಕ್ಕೆ ಮರಳುತ್ತಿದ್ದವನ ಬಾಳು ಸಾಹಿತ್ಯಕ್ಕೆ ಅಯೋಗ್ಯವೆಂದು ಯಾರು ಹೇಳಿಯಾರು? ಅವನ ಸದ್ದನ್ನು ದೂರದಿಂದಲೇ ಗುರುತಿಸಿ ಹೆಂಡತಿ ರೊಟ್ಟಿಯ ಹಂಚನ್ನು ಒಲೆಗೇರಿಸುತ್ತಿದ್ದಳು. ಒಂದೊಂದು ಯೆಜ್ಡಿಗೂ ಒಂದೊಂದು ದನಿ. ಹತ್ತು ಗಾಡಿಗಳ ನಡುವೆ ಮನೆಯ ಗಾಡಿಯನ್ನು ಕೂಸುಗಳೂ ಹೇಳುತ್ತಿದ್ದವು.

ಏನು ಮಾಡಬೇಕೆಂದು ಕೇಳುವವರಿಗೆ ನನ್ನಲ್ಲಿ ಎರಡು ಸಣ್ಣ ಸಲಹೆಗಳಿವೆ; ಎರಡಕ್ಕೂ ಶಾಸನ ಬೇಕಾಗಿಲ್ಲ. ಕನ್ನಡ ಎಂ.ಎ. ಓದುವ ವಿದ್ಯಾರ್ಥಿಗಳು ಪ್ರತಿವರ್ಷ ಪ್ರಬಂಧಕ್ಕೆ ವಿಷಯ ಸಿಗದೆ ಪರದಾಡುತ್ತಾರೆ. ಅವರಲ್ಲಿ ಒಬ್ಬಿಬ್ಬರನ್ನು ಶಹಾಬಾದ, ವಾಡಿ, ಸೇಡಂಗಳ ಮಿಸ್ತ್ರಿಗಳ ಬಳಿ ಆರು ತಿಂಗಳು ಕೂಡಿಸಲಿ. ಅವರು ಆಡುವ ಒಂದೊಂದು ಮಾತನ್ನೂ, ಆ ಮಾತು ಯಾವ ರೋಗಕ್ಕೆ, ಯಾವ ಮದ್ದಿಗೆ ಸಲ್ಲುವುದೆಂಬುದರ ಸಮೇತ, ಬರೆದುಕೊಂಡು ಬರಲಿ. ಅರವತ್ತು ಎಪ್ಪತ್ತು ದಾಟಿದವರು ಅವರು. ಬಹಳ ಕಾಲ ಕಾಯುವಂತಿಲ್ಲ.

ಎರಡನೆಯದು ಕೈಗಾರಿಕಾ ತರಬೇತಿ ಸಂಸ್ಥೆಗಳಿಗೂ ಪ್ರೌಢಶಾಲೆಗಳಿಗೂ. ಈಗಿನ ಎಂಜಿನುಗಳ ಹೊದಿಕೆಯನ್ನು ತೆಗೆದರೆ ಕಾಣುವುದು ತಂತಿಗಳೂ ಕಪ್ಪು ಪೆಟ್ಟಿಗೆಯೂ. ಅಂತರ್ದಹನದ ತತ್ತ್ವವನ್ನು ಕಣ್ಣಿನಿಂದಲೇ ಕಲಿಸಬೇಕಾದರೆ ಎರಡು ಹೊಡೆತದ ಹಳೆಯ ಎಂಜಿನಿಗಿಂತ ಉತ್ತಮವಾದ ಉಪಕರಣವಿಲ್ಲ. ಕಾಗದಪತ್ರ ಕಳೆದುಕೊಂಡು ರಸ್ತೆಗೆ ಬರಲಾರದ ಯೆಜ್ಡಿಯ ಎಂಜಿನೊಂದನ್ನು ಗುಜರಿಗೆ ಹೋಗುವ ಮುನ್ನ ತಂದು ತರಗತಿಯ ಮೇಜಿಗೆ ಬಿಗಿಯಲಿ. ವಾರಕ್ಕೊಮ್ಮೆ ಊರಿನ ಮಿಸ್ತ್ರಿಯನ್ನು ಕರೆಸಿ, ಮಕ್ಕಳ ಕೈಯಿಂದಲೇ ಬಿಚ್ಚಿಸಿ, ಜೋಡಿಸಿ, ಕಿಕ್ ಹೊಡೆಸಲಿ. ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನು ಅವರಿಗೂ ಕೊಡಲಿ, ಕುರ್ಚಿಯ ಸಹಿತ. ಪಾನಾಗಳನ್ನು ಅವರು ತಾವೇ ತರುತ್ತಾರೆ.